ನಡುವೆ ಒಂದು ಬಸ್ಸು ಹಾದುಹೋಯಿತು

ಲಂಡನ್ನಿನ ಒಂದು ಬೀದಿ, ರಾತ್ರಿ ಹೊತ್ತು. ಕಂಬದ ಮೇಲಿನ ಸಿಸಿಟಿವಿ ಕ್ಯಾಮೆರಾ ಕೆಳಗಿನ ಬಸ್ ನಿಲ್ದಾಣವನ್ನು ನೋಡುತ್ತಿದೆ. ಅಲ್ಲಿರುವವರು ಇಬ್ಬರೇ: ಆಗಷ್ಟೇ ಕೊಲೆ ಆರೋಪದಿಂದ ಮುಕ್ತನಾದ ಸೈನಿಕ, ಅವನ ಪರ ವಾದಿಸಿ ಗೆದ್ದ ವಕೀಲೆ. ಮಾತಾಡುತ್ತಾರೆ, ಮುತ್ತಿಡುತ್ತಾರೆ. ಕ್ಯಾಮೆರಾಕ್ಕೂ ಅವರಿಗೂ ನಡುವೆ ಒಂದು ಬಸ್ಸು ಹಾದುಹೋಗುತ್ತದೆ. ಬಸ್ಸು ಸರಿದ ಮೇಲೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಕಾಣುವುದೇ ಬೇರೆ. ಅವನು ಅವಳ ಮೇಲೆ ಕೈಮಾಡಿ, ಚಿತ್ರದ ಚೌಕಟ್ಟಿನಾಚೆಗೆ ಎಳೆದುಕೊಂಡು ಹೋಗುತ್ತಾನೆ. ಮರುದಿನ ಪೊಲೀಸರು ಅವನನ್ನು ಕೂರಿಸಿ ಆ ಫುಟೇಜ್ ತೋರಿಸಿದಾಗ ಅವನ ಮುಖ ಬಿಳಿಚಿಕೊಳ್ಳುತ್ತದೆ. ಅವನಿಗೆ ನೆನಪಿರುವುದು ಇಷ್ಟೇ: ಅವಳು ಬಸ್ಸು ಹತ್ತಿ ಹೋದಳು, ತಾನು ನಡೆದುಕೊಂಡು ಹೋದೆ.

2019ರ ಸೆಪ್ಟೆಂಬರಿನಲ್ಲಿ ಬಿಬಿಸಿ ಒನ್ ವಾಹಿನಿಯಲ್ಲಿ ಶುರುವಾದ ಆರು ಕಂತುಗಳ 'ದ ಕ್ಯಾಪ್ಚರ್' ಧಾರಾವಾಹಿ ನಿಂತಿರುವುದು ಈ ಒಂದು ಬಸ್ಸಿನ ಮೇಲೆ. ಬರೆದು ನಿರ್ದೇಶಿಸಿದವರು ಬೆನ್ ಚಾನನ್. ಸೈನಿಕ ಶಾನ್ ಎಮರಿಯಾಗಿ ಕ್ಯಾಲಂ ಟರ್ನರ್, ತನಿಖಾಧಿಕಾರಿ ರೇಚಲ್ ಕ್ಯಾರಿಯಾಗಿ ಹಾಲಿಡೇ ಗ್ರೇಂಜರ್, ಹಿರಿಯ ಪೊಲೀಸ್ ಅಧಿಕಾರಿ ಜೆಮ್ಮಾ ಗಾರ್ಲಂಡ್ ಆಗಿ ಲಿಯಾ ವಿಲಿಯಮ್ಸ್, ಅಮೆರಿಕದ ಗುಪ್ತಚರನಾಗಿ ರಾನ್ ಪರ್ಲ್‌ಮನ್. 2022ರಲ್ಲಿ ಎರಡನೆಯ ಸರಣಿ ಬಂತು. ತಪ್ಪಾಗಿ ಗುರುತಿಸಲ್ಪಟ್ಟ ಅಮಾಯಕ, ಅವನ ಹಿಂದೆ ಯಾರದೋ ಕಾಣದ ಸಂಚು: ಪತ್ತೇದಾರಿ ಕಥೆಗಳಲ್ಲಿ ಇಷ್ಟು ಸವೆದ ದಾರಿ ಇನ್ನೊಂದಿಲ್ಲ. ಆದರೂ ಈ ಧಾರಾವಾಹಿ ಸವೆದ ದಾರಿಯಲ್ಲೇ ನಡೆದು ಒಂದು ಹೊಸ ಜಾಗ ಮುಟ್ಟುತ್ತದೆ. ಇಲ್ಲಿಯ ಸಂಚು ಹುಟ್ಟುವುದು ಯಾವನೋ ಖಳನ ತಲೆಯಲ್ಲಲ್ಲ. ಬ್ರಿಟನ್ನಿನ ಸಾಕ್ಷ್ಯ ಕಾನೂನಿನಲ್ಲಿ ನಿಜವಾಗಿಯೂ ಇರುವ ಒಂದು ನಿಯಮದಲ್ಲಿ. (ಸರಣಿ ನೋಡದೆ ಇದ್ದು, ನೋಡುವ ಆಸೆ ಇರುವವರು ಈ ಪುಟವನ್ನು ಮಡಚಿಟ್ಟು ಆಮೇಲೆ ಓದುವುದು ಒಳ್ಳೆಯದು. ಗುಟ್ಟು ಬಿಚ್ಚದೆ ಮುಂದಿನದನ್ನು ಬರೆಯಲಾಗದು.)

ನಮ್ಮ ಸಿನಿಮಾಗಳಲ್ಲಿ ಒಬ್ಬರಂತೆ ಇನ್ನೊಬ್ಬರು ಕಾಣುವುದಕ್ಕೆ ಹುಟ್ಟೇ ಕಾರಣ. ಬೇರೆಬೇರೆಯಾಗಿ ಬೆಳೆದ ಅಣ್ಣತಮ್ಮಂದಿರು, ಅಪ್ಪನ ತದ್ರೂಪಾದ ಮಗ. 'ಶಂಕರ್ ಗುರು'ವಿನಲ್ಲಿ ರಾಜ್‌ಕುಮಾರ್ ಒಬ್ಬರೇ ಮೂವರಾಗಿ ಬಂದಾಗ ಕಥೆ ಗೊಂದಲದ ಸುಖದಲ್ಲಿ ತೇಲುತ್ತದೆ, ಕೊನೆಗೆ ಎಲ್ಲರೂ ಒಂದೇ ಫೋಟೋದಲ್ಲಿ ನಿಲ್ಲುತ್ತಾರೆ. ಇಂಗ್ಲೆಂಡಿನ ಕಥೆಗಾರರಿಗೆ ಈ ವಿಷಯ ದಕ್ಕಿದ್ದು ಬೇರೆ ದಾರಿಯಲ್ಲಿ, ಕೋರ್ಟಿನ ಕಟಕಟೆಯಿಂದ. ಅದರ ಮೂಲಪುರುಷ ಅಡಾಲ್ಫ್ ಬೆಕ್ ಎಂಬ ನಾರ್ವೆಯ ಮನುಷ್ಯ.

1895ರ ಡಿಸೆಂಬರಿನ ಒಂದು ದಿನ ಬೆಕ್ ಲಂಡನ್ನಿನ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ನಿಂತಿದ್ದ. ಒಬ್ಬ ಹೆಂಗಸು ಎದುರು ಬಂದು, ನನ್ನ ಕೈಗಡಿಯಾರ ಏನು ಮಾಡಿದೆ ಎಂದು ಗಂಟುಬಿದ್ದಳು. ಬೆಕ್ ತಪ್ಪಿಸಿಕೊಂಡು ರಸ್ತೆ ದಾಟಿ, ಈ ಹೆಂಗಸು ನನಗೆ ತೊಂದರೆ ಕೊಡುತ್ತಿದ್ದಾಳೆ ಎಂದು ತಾನೇ ಪೊಲೀಸನಿಗೆ ದೂರು ಹೇಳಿದ. ಪೊಲೀಸ್ ಇಬ್ಬರನ್ನೂ ಠಾಣೆಗೆ ಕರೆದೊಯ್ದ. ಬೆಕ್ ಹೊರಗೆ ಬರಲಿಲ್ಲ. ಆ ದಿನಗಳಲ್ಲಿ ಲಂಡನ್ನಿನಲ್ಲಿ ಒಬ್ಬ ವಂಚಕ ಲಾರ್ಡ್ ಎಂದು ಹೇಳಿಕೊಂಡು ಒಂಟಿ ಹೆಂಗಸರ ಪರಿಚಯ ಮಾಡಿಕೊಳ್ಳುತ್ತಿದ್ದ. ತನ್ನ ಜೊತೆ ವಿಹಾರಕ್ಕೆ ಬರಬೇಕು, ಒಳ್ಳೆ ಬಟ್ಟೆ ಕೊಂಡುಕೋ ಎಂದು ಚೆಕ್ ಬರೆದುಕೊಡುತ್ತಿದ್ದ. ಹೊಸ ಉಂಗುರಕ್ಕೆ ಅಳತೆ ಬೇಕೆಂದು ಹಳೆಯ ಉಂಗುರ, ರಿಪೇರಿ ಮಾಡಿಸಿಕೊಡುತ್ತೇನೆಂದು ಗಡಿಯಾರ ಇಸಿದುಕೊಂಡು ಹೋಗುತ್ತಿದ್ದ. ಚೆಕ್ಕು ಬ್ಯಾಂಕಿನಿಂದ ವಾಪಸು ಬರುವಷ್ಟರಲ್ಲಿ ಲಾರ್ಡ್ ಮಾಯ. ಮೋಸಹೋದವರನ್ನು ಠಾಣೆಗೆ ಕರೆಸಿದರು, ಬೆಕ್‌ನನ್ನು ಸಾಲಿನಲ್ಲಿ ನಿಲ್ಲಿಸಿದರು. ಒಬ್ಬಳ ಹಿಂದೆ ಒಬ್ಬಳು, ಇವನೇ ಎಂದರು.

ಅಲ್ಲಿಗೇ ನಿಂತಿದ್ದರೆ ಅದು ಕಣ್ಣಿನ ತಪ್ಪು ಎನ್ನಬಹುದಿತ್ತು. 1877ರಲ್ಲಿ ಇಂಥದ್ದೇ ವಂಚನೆಗೆ ಜೈಲು ಸೇರಿದ್ದ ಜಾನ್ ಸ್ಮಿತ್ ಎಂಬವನೇ ಈ ಬೆಕ್ ಎಂದು ಹಳೆಯ ಪೊಲೀಸನೊಬ್ಬ ಹೇಳಿದ. ಆ ಕಾಲಕ್ಕೆ ತಾನು ದಕ್ಷಿಣ ಅಮೆರಿಕದ ಪೆರುವಿನಲ್ಲಿದ್ದೆ ಎಂಬುದಕ್ಕೆ ಬೆಕ್ ಬಳಿ ಸಾಕ್ಷಿಗಳಿದ್ದರು. ಆದರೆ ಪ್ರಾಸಿಕ್ಯೂಷನ್ ಜಾಣತನದಿಂದ ಹಳೆಯ ಕೇಸನ್ನು ವಿಚಾರಣೆಗೇ ತರಲಿಲ್ಲ. ಹಳೆಯ ಕೇಸು ಇಲ್ಲದ ಮೇಲೆ ಪೆರುವಿನ ಮಾತೂ ಅಪ್ರಸ್ತುತ ಎಂದು ನ್ಯಾಯಾಧೀಶರು ತಳ್ಳಿಹಾಕಿದರು. ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಜೈಲಿಗೆ ಹೋದ ಮೇಲೆ ಮಾತ್ರ ಅವನನ್ನು ಹಳೆಯ ಅಪರಾಧಿ ಸ್ಮಿತ್ ಎಂದೇ ದಾಖಲಿಸಿಕೊಂಡರು. 1898ರಲ್ಲಿ ಗೃಹ ಇಲಾಖೆಯ ಕಡತದಲ್ಲೇ ಒಂದು ಸಂಗತಿ ಹೊರಬಿತ್ತು. ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಇವರು ಇಬ್ಬರು ಬೇರೆಬೇರೆ ಮನುಷ್ಯರು ಎನ್ನಲು ಅದಕ್ಕಿಂತ ಇನ್ನೇನು ಬೇಕು? ಇಲಾಖೆ ಮಾಡಿದ್ದು, ಬೆಕ್‌ನ ಕೈದಿ ಸಂಖ್ಯೆಯನ್ನು ಬದಲಿಸಿದ್ದು. ಬಿಡಲಿಲ್ಲ.

1901ರಲ್ಲಿ ಹೊರಬಂದವನನ್ನು 1904ರಲ್ಲಿ ಮತ್ತೆ ಅದೇ ಬಗೆಯ ವಂಚನೆಗೆ ಹಿಡಿದರು, ಮತ್ತೆ ಹೆಂಗಸರು ಗುರುತಿಸಿದರು, ಮತ್ತೆ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಶಿಕ್ಷೆಯ ಪ್ರಮಾಣ ಹೇಳುವುದನ್ನು ನ್ಯಾಯಾಧೀಶರು ಅನುಮಾನದಿಂದ ಮುಂದೂಡಿದ್ದೇ ಅವನ ಪುಣ್ಯ. ಅಷ್ಟರಲ್ಲಿ ಗಿರವಿ ಅಂಗಡಿಯಲ್ಲಿ ಉಂಗುರ ಅಡವಿಡಲು ಬಂದ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನ ಸಿಕ್ಕಿತು (ಮಾಡದ ತಪ್ಪಿಗೆ ಕ್ಷಮೆ!), ಕೊನೆಗೆ 5,000 ಪೌಂಡ್ ಪರಿಹಾರವೂ ಬಂತು. ಅವನ ಗೋಳಿನಿಂದ ಇಂಗ್ಲೆಂಡಿಗೆ ಆದ ಲಾಭ ದೊಡ್ಡದು. ಕ್ರಿಮಿನಲ್ ಪ್ರಕರಣಗಳಿಗೆ ಮೇಲ್ಮನವಿ ನ್ಯಾಯಾಲಯ ಬೇಕೆಂಬ ಕೂಗಿಗೆ ಬಲ ಬಂದು 1907ರಲ್ಲಿ ಅದಕ್ಕಾಗಿ ಕಾನೂನಾಯಿತು.

ಅಮೆರಿಕದಲ್ಲಿ ಇದೇ ಕಥೆ 1953ರಲ್ಲಿ ಮ್ಯಾನಿ ಬಾಲೆಸ್ಟ್ರೆರೊ ಎಂಬ ವಾದ್ಯಗಾರನಿಗೆ ಆಯಿತು. ನ್ಯೂಯಾರ್ಕಿನ ಸ್ಟಾರ್ಕ್ ಕ್ಲಬ್ಬಿನಲ್ಲಿ ಬೇಸ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನು. ಹಿಂದೆ ದರೋಡೆಯಾಗಿದ್ದ ವಿಮಾ ಕಚೇರಿಗೆ ಹೋದಾಗ ಅಲ್ಲಿಯ ಹೆಣ್ಣುಮಕ್ಕಳು ದರೋಡೆಕೋರ ಇವನೇ ಎಂದುಕೊಂಡರು. ದರೋಡೆಕೋರ ತೋರಿಸಿದ್ದ ಚೀಟಿಯ ಮಾತುಗಳನ್ನು ಪೊಲೀಸರು ಇವನಿಂದ ಬರೆಸಿದರು. ಕಳ್ಳ ಮಾಡಿದ್ದ ಕಾಗುಣಿತದ ತಪ್ಪನ್ನೇ ಇವನೂ ಮಾಡಿಬಿಟ್ಟ. ಹಿಚ್‌ಕಾಕ್ ಇದನ್ನು 1956ರಲ್ಲಿ 'ದ ರಾಂಗ್ ಮ್ಯಾನ್' ಎಂದು ತೆಗೆದ. ಯಾವ ಸಂಚೂ ಇಲ್ಲದ, ಬರೀ ಕಣ್ಣು ಮತ್ತು ಕಾಗುಣಿತಗಳು ಸೇರಿ ಒಂದು ಸಂಸಾರವನ್ನು ಹಾಳುಮಾಡುವ ಚಿತ್ರ. ಹಿಚ್‌ಕಾಕ್‌ನ ಚಿತ್ರಗಳಲ್ಲಿ ಇದಕ್ಕಿಂತ ನೋವು ಕೊಡುವುದನ್ನು ನಾನು ನೋಡಿಲ್ಲ.

ಬೆಕ್, ಬಾಲೆಸ್ಟ್ರೆರೊ ಇಬ್ಬರ ಕಥೆ ಕೇಳಿದಾಗಲೂ ಇಂದು ಮನಸ್ಸಿಗೆ ಬರುವ ಮಾತು ಒಂದೇ: ಅಯ್ಯೋ, ಆಗ ಒಂದು ಕ್ಯಾಮೆರಾ ಇದ್ದಿದ್ದರೆ! ಸಾಕ್ಷಿಯ ಕಣ್ಣು ಮೋಸ ಹೋಗುತ್ತದೆ, ಕ್ಯಾಮೆರಾ ಹೋಗುವುದಿಲ್ಲ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಬೆಳೆಯಿತು. ಆ ನಂಬಿಕೆಯನ್ನು ಬ್ರಿಟನ್ನಿನಷ್ಟು ಗಾಢವಾಗಿ ನಂಬಿದ ದೇಶ ಕಡಿಮೆ. ಲಂಡನ್ ಜಗತ್ತಿನಲ್ಲೇ ಅತಿ ಹೆಚ್ಚು ಕಣ್ಗಾವಲಿರುವ ನಗರಗಳಲ್ಲಿ ಒಂದು. ಬೀದಿಯಲ್ಲಿ ಹೋಗುವವರ ಮುಖವನ್ನು ಕ್ಯಾಮೆರಾದಿಂದಲೇ ಗುರುತಿಸುವ ತಂತ್ರಜ್ಞಾನವನ್ನು ನಿತ್ಯದ ಕೆಲಸಕ್ಕೆ ಬಳಸುವುದಾಗಿ ಮೆಟ್ರೋಪಾಲಿಟನ್ ಪೊಲೀಸರು ಪ್ರಕಟಿಸಿದ್ದು 2020ರ ಜನವರಿಯಲ್ಲಿ, 'ದ ಕ್ಯಾಪ್ಚರ್' ಮುಗಿದ ಕೆಲವೇ ತಿಂಗಳಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸೌತ್ ವೇಲ್ಸ್ ಪೊಲೀಸರು ಇದನ್ನು ಬಳಸಿದ ರೀತಿ ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ಚಾನನ್ ಈ ನಂಬಿಕೆಯನ್ನು ಮೊದಲ ಕಂತಿನಲ್ಲೇ ಎರಡೂ ಕಡೆಯಿಂದ ಹಿಡಿದು ಅಲುಗಾಡಿಸುತ್ತಾನೆ. ಶಾನ್ ಎಮರಿ ಅಫ್ಘಾನಿಸ್ತಾನದಲ್ಲಿ ಶರಣಾದ ವ್ಯಕ್ತಿಯನ್ನು ಕೊಂದನೆಂದು ಜೈಲಿಗೆ ಹೋದದ್ದು ಹೆಲ್ಮೆಟ್ ಕ್ಯಾಮೆರಾದ ದೃಶ್ಯದಿಂದ. ಬಿಡುಗಡೆಯಾದದ್ದು, ಆ ಕ್ಯಾಮೆರಾದಲ್ಲಿ ಚಿತ್ರಕ್ಕೂ ಧ್ವನಿಗೂ ತಾಳೆಯಾಗುವುದಿಲ್ಲ ಎಂದು ತಜ್ಞನೊಬ್ಬ ತೋರಿಸಿಕೊಟ್ಟದ್ದರಿಂದ. ಅಂದರೆ ಕ್ಯಾಮೆರಾ ಸುಳ್ಳು ಹೇಳಬಲ್ಲದು ಎಂಬ ವಾದವೇ ಅವನನ್ನು ಉಳಿಸಿದೆ. ಹೊರಬಂದ ಬೆನ್ನಿಗೇ ಇನ್ನೊಂದು ಕ್ಯಾಮೆರಾ ಅವನನ್ನು ಹಿಡಿಯುತ್ತದೆ. ಈಗ ಅದೇ ವಾದವನ್ನು ಮತ್ತೆ ಹೂಡಿದರೆ ಯಾರು ನಂಬುತ್ತಾರೆ? ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಪಾಡು ಅವನದು, ವ್ಯತ್ಯಾಸವೆಂದರೆ ಮೊದಲ ಸಲ ಕೂಗಿದವಳು ಅವನ ವಕೀಲೆ. ಮೇಲಾಗಿ ಅಫ್ಘಾನಿಸ್ತಾನದ ಆ ಸಾವಿನ ವಿಷಯದಲ್ಲಿ ಶಾನ್ ಪೂರ್ತಿ ನಿರಪರಾಧಿಯೇನೂ ಅಲ್ಲ ಎಂಬುದು ಕೊನೆಕೊನೆಗೆ ತಿಳಿಯುತ್ತದೆ. ಸುಳ್ಳು ಕ್ಯಾಮೆರಾ ಹಿಡಿದದ್ದು ಅಮಾಯಕನನ್ನಲ್ಲ, ಬೇರೆ ತಪ್ಪಿನ ಭಾರ ಹೊತ್ತವನನ್ನು. ಇಡೀ ಸರಣಿಯಲ್ಲಿ ನನಗೆ ಮೆಚ್ಚಿಗೆಯಾದ ಬರವಣಿಗೆ ಇದು. ಪ್ರೇಕ್ಷಕ ಯಾರ ಪರ ನಿಂತರೂ ಕಾಲಡಿಯ ನೆಲ ಸ್ವಲ್ಪ ಸರಿಯುತ್ತದೆ.

ಇನ್ನು ಬಸ್ಸಿನ ವಿಷಯ. ಬೀದಿಯ ನಿಜವಾದ ದೃಶ್ಯ ಬಸ್ಸು ಅಡ್ಡ ಬರುವವರೆಗೆ. ಅದು ಸರಿದ ಮೇಲಿನದು ಬೇರೆಲ್ಲೋ ತಯಾರಾದದ್ದು. ಹೊಲಿಗೆ ಬಸ್ಸಿನ ಮೈಯ ಹಿಂದೆ ಮುಚ್ಚಿಹೋಗಿದೆ. ಸಿನಿಮಾದವರಿಗೆ ಇದು ಹಳೆಯ ಕೈಚಳಕ. ಹಿಚ್‌ಕಾಕ್ 1948ರ 'ರೋಪ್' ಚಿತ್ರವನ್ನು ಒಂದೇ ಉಸಿರಿನಲ್ಲಿ ತೆಗೆದಂತೆ ಕಾಣಿಸಲು ಬಳಸಿದ್ದು ಇದನ್ನೇ. ಕ್ಯಾಮೆರಾ ಯಾರದೋ ಕೋಟಿನ ಬೆನ್ನಿಗೆ ಹತ್ತಿರ ಹೋಗಿ ಪರದೆ ಕಪ್ಪಾದಾಗ ರೀಲು ಬದಲಾಗುತ್ತಿತ್ತು, ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಚಾನನ್ ತನ್ನ ಕಸುಬಿನ ಉಪಕರಣವನ್ನೇ ಅಪರಾಧದ ಆಯುಧವನ್ನಾಗಿ ಮಾಡಿದ್ದಾನೆ. ಧಾರಾವಾಹಿಯ ನಿರ್ದೇಶಕ ಪ್ರತಿ ಕಂತಿನಲ್ಲೂ ನಮಗೆ ಮಾಡುವುದನ್ನೇ ಕಥೆಯೊಳಗಿನ ಪಾತ್ರಗಳು ಪೊಲೀಸರಿಗೆ ಮಾಡುತ್ತಿವೆ.

ಯಾಕೆ ಮಾಡುತ್ತಿವೆ ಎಂಬುದೇ ಕಥೆಯ ತಿರುಳು. ಕಥೆಯಲ್ಲಿ ಗುಪ್ತಚರ ಮತ್ತು ಪೊಲೀಸ್ ಅಧಿಕಾರಿಗಳ ಒಂದು ಗುಂಪು 'ಕರೆಕ್ಷನ್' ಎಂಬ ಕಾರ್ಯಾಚರಣೆ ನಡೆಸುತ್ತಿದೆ. ಒಬ್ಬ ವ್ಯಕ್ತಿ ಬಾಂಬ್ ಇಡಲು ಹೊರಟಿದ್ದಾನೆ ಎಂದು ಫೋನ್ ಕದ್ದಾಲಿಸಿ ಅವರಿಗೆ ಖಚಿತವಾಗಿದೆ ಎನ್ನಿ. ಆ ಧ್ವನಿಮುದ್ರಣವನ್ನು ಕೋರ್ಟಿನಲ್ಲಿ ಹಾಜರುಪಡಿಸುವಂತಿಲ್ಲ. ಹಾಗಾಗಿ ತಮಗೆ ಗೊತ್ತಿರುವ ಸತ್ಯಕ್ಕೆ ಹೊಂದುವಂಥ ಸಿಸಿಟಿವಿ ದೃಶ್ಯವನ್ನು ತಾವೇ ತಯಾರಿಸಿ ಸಾಕ್ಷ್ಯವಾಗಿ ಒಪ್ಪಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳು ಸಾಕ್ಷ್ಯವಲ್ಲ, ಸತ್ಯದ ಮರುನಟನೆ. ಗಾರ್ಲಂಡ್ ಇದನ್ನು ಕ್ಯಾರಿಗೆ ವಿವರಿಸುವಾಗ ಲಿಯಾ ವಿಲಿಯಮ್ಸ್ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇಲ್ಲ. ಕಚೇರಿಯ ಹೊಸ ಸುತ್ತೋಲೆ ಓದಿ ಹೇಳಿದಷ್ಟು ಸಲೀಸು.

ಕದ್ದಾಲಿಕೆಯ ಈ ನಿರ್ಬಂಧ ಕಥೆಗಾರನ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ ಸರ್ಕಾರ ವಾರಂಟ್ ಪಡೆದು ಕದ್ದಾಲಿಸಿದ ಮಾತುಕತೆಯನ್ನು ಸಾಮಾನ್ಯ ಕ್ರಿಮಿನಲ್ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. 1985ರ ಕಾನೂನಿನಿಂದ ಬಂದ ಈ ನಿಷೇಧ 2000ದ ಕಾನೂನಿಗೆ ದಾಟಿ, ಈಗ 2016ರ ತನಿಖಾಧಿಕಾರ ಕಾಯ್ದೆಯ 56ನೇ ಸೆಕ್ಷನ್ನಿನಲ್ಲಿ ಕೂತಿದೆ. ಕೋರ್ಟಿಗೆ ತಂದರೆ ಆರೋಪಿಯ ವಕೀಲರು ಹೇಗೆ ಕದ್ದಾಲಿಸಿದಿರಿ ಎಂದು ಕೇಳುತ್ತಾರೆ, ಗುಪ್ತಚರರ ವಿದ್ಯೆಯೆಲ್ಲ ಬಯಲಾಗುತ್ತದೆ ಎಂಬುದು ಒಂದು ಕಾರಣ. ತಿಂಗಳುಗಟ್ಟಲೆ ಮುದ್ರಿಸಿದ ಮಾತುಕತೆಯನ್ನೆಲ್ಲ ಅಕ್ಷರಕ್ಕಿಳಿಸಿ ಎದುರು ಪಕ್ಷಕ್ಕೆ ಕೊಡಬೇಕಾಗುತ್ತದೆ ಎಂಬುದು ಇನ್ನೊಂದು. ಸರ್ ಜಾನ್ ಚಿಲ್ಕಾಟ್ ನೇತೃತ್ವದ ಸಮಿತಿ 2008ರಲ್ಲಿ, ಸರಿಯಾದ ರಕ್ಷಣೆಗಳಿದ್ದರೆ ನಿಷೇಧ ತೆಗೆಯಬಹುದು ಎಂದು ತಾತ್ವಿಕವಾಗಿ ಒಪ್ಪಿತು. ವರ್ಷಗಳ ಕಾಲ ತಡಕಾಡಿ 2014ರಲ್ಲಿ ಸರ್ಕಾರ ಕೈಬಿಟ್ಟಿತು. ಗೊತ್ತಿರುವುದಕ್ಕೂ ಹೇಳಬಹುದಾದದ್ದಕ್ಕೂ ನಡುವೆ ಹೀಗೊಂದು ಕಂದಕ ಉಳಿದುಕೊಂಡಿದೆ. ಚಾನನ್‌ನ ಕಥೆ ಆ ಕಂದಕಕ್ಕೆ ಕಳ್ಳ ಸೇತುವೆ ಕಟ್ಟುವವರದು.

ಅಮೆರಿಕದಲ್ಲಿ ಇಂಥ ಸೇತುವೆಯನ್ನು ನಿಜವಾಗಿಯೇ ಕಟ್ಟಿದ್ದರು. ಅಲ್ಲಿಯ ಮಾದಕವಸ್ತು ನಿಗ್ರಹ ಸಂಸ್ಥೆಯ ಒಂದು ವಿಶೇಷ ಘಟಕ, ಗುಪ್ತಚರ ಕದ್ದಾಲಿಕೆಯಿಂದ ಸಿಕ್ಕ ಸುಳಿವನ್ನು ಸ್ಥಳೀಯ ಪೊಲೀಸರಿಗೆ ಕೊಟ್ಟು, ಆ ಮೂಲವನ್ನು ಎಲ್ಲೂ ಹೇಳಬೇಡಿ, ತನಿಖೆ ಬೇರೆ ಕಡೆಯಿಂದ ಶುರುವಾದಂತೆ ಜಾಡು ಕಟ್ಟಿ ಎಂದು ಸೂಚಿಸುತ್ತಿತ್ತು. ಇಂಥ ಕಡೆ ಇಂಥ ಟ್ರಕ್ಕು ಬರುತ್ತದೆ, ಏನಾದರೂ ನೆಪ ಮಾಡಿ ನಿಲ್ಲಿಸಿ ಎಂಬಂತೆ. ಟ್ರಕ್ಕಿನಲ್ಲಿ ಸರಕು ಸಿಕ್ಕಾಗ ಅದು ಪೊಲೀಸರ ಅದೃಷ್ಟ ಎಂದು ಕಡತದಲ್ಲಿ ಬರೆಯಲಾಗುತ್ತಿತ್ತು. 2013ರ ಆಗಸ್ಟಿನಲ್ಲಿ ರಾಯಿಟರ್ಸ್ ಇದನ್ನು ಬಯಲಿಗೆಳೆಯಿತು. ಸುಳ್ಳು ದೃಶ್ಯ ತಯಾರಿಸುವುದಕ್ಕೂ ಸುಳ್ಳು ಜಾಡು ತಯಾರಿಸುವುದಕ್ಕೂ ಎಷ್ಟು ದೂರ? ಧಾರಾವಾಹಿ ಕೇಳುವುದು ಇದನ್ನೇ, ಮತ್ತು ಉತ್ತರ ಹಿತವಾಗಿಲ್ಲ.

ಬೇಕಿದ್ದರೆ ಇಲ್ಲೊಂದು ತಮಾಷೆ ನೋಡಿ. ಈ ಕಥೆಯನ್ನು ಹಾಗೇ ಎತ್ತಿ ಬೆಂಗಳೂರಿಗೆ ತಂದರೆ ಮೊದಲ ಕಂತಿನಲ್ಲೇ ಕುಸಿದುಬೀಳುತ್ತದೆ. ನಮ್ಮ ಕೋರ್ಟುಗಳು ಕದ್ದಾಲಿಸಿದ ಫೋನ್ ಮಾತನ್ನು ಧಾರಾಳವಾಗಿ ಸ್ವೀಕರಿಸುತ್ತವೆ. 1972ರ ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಧ್ವನಿಮುದ್ರಣ ಪಡೆದ ರೀತಿ ಸರಿಯಿಲ್ಲದಿದ್ದರೂ ಪ್ರಕರಣಕ್ಕೆ ಸಂಬಂಧಿಸಿದ್ದಾದರೆ ಸಾಕ್ಷ್ಯವಾಗಬಹುದು ಎಂದಿತು. ಸಂಸತ್ ಭವನದ ಮೇಲಿನ ದಾಳಿಯ ಪ್ರಕರಣದಲ್ಲೂ ಕದ್ದಾಲಿಕೆ ಸಾಕ್ಷ್ಯವಾಗಿ ಬಂತು. ಗಾರ್ಲಂಡ್‌ಳ ಗುಂಪು ಇಲ್ಲಿದ್ದಿದ್ದರೆ ಅಷ್ಟೆಲ್ಲ ಕಷ್ಟಪಡದೆ ಪೆನ್‌ಡ್ರೈವ್ ತಂದು ಒಪ್ಪಿಸುತ್ತಿತ್ತು. ಇದರಲ್ಲಿ ನಮಗೆ ಹೆಮ್ಮೆಯೋ ಆತಂಕವೋ, ಓದುಗರೇ ಹೇಳಬೇಕು.

ಆದರೆ ಗುರುತು ತಪ್ಪುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಕೊಡಗಿನ ಒಬ್ಬ ಬಡ ಗಂಡ, ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟ. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಸಿಕ್ಕ ಒಂದು ಅಸ್ಥಿಪಂಜರ ಅವಳದೇ ಎಂದಾಯಿತು, ಕೊಂದವನು ಗಂಡನೇ ಎಂದಾಯಿತು, ಅವನು ಜೈಲಿಗೆ ಹೋದ. ಡಿಎನ್‌ಎ ಹೊಂದಿಕೆಯಾಗಲಿಲ್ಲ, ಆದರೂ ಕೇಸು ನಡೆಯುತ್ತಲೇ ಇತ್ತು. 2025ರ ಏಪ್ರಿಲಿನಲ್ಲಿ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಣ್ಣಿಗೆ ಬಿದ್ದಳು, ಮೈಸೂರಿನ ನ್ಯಾಯಾಲಯದ ಮುಂದೆ ಬಂದು ನಿಂತಳು. ಗಂಡ ಖುಲಾಸೆಯಾದ. ಬೆಕ್‌ನ ಕಥೆಯಲ್ಲಿ ಗೃಹ ಇಲಾಖೆಯ ಕಡತದಲ್ಲೇ ಸತ್ಯವಿದ್ದೂ ಯಾರೂ ಅದಕ್ಕೆ ಕಿವಿಗೊಡದಂತೆ ಇಲ್ಲೂ ಆಯಿತು. ಇದರಲ್ಲಿ ಡೀಪ್‌ಫೇಕ್ ಇಲ್ಲ, ಅಮೆರಿಕದ ಗುಪ್ತಚರನಿಲ್ಲ. ಬಗೆಹರಿಯದ ಒಂದು ಕೇಸು, ಯಾರದೆಂದು ತಿಳಿಯದ ಒಂದು ಶವ, ಎರಡನ್ನೂ ಒಟ್ಟಿಗೆ ಮುಗಿಸುವ ಆತುರ ಇಷ್ಟಿದ್ದರೆ ಸಾಕು.

ತಂತ್ರಜ್ಞಾನ ತಪ್ಪು ಮಾಡಿದಾಗಲೂ ಅದು ಹೀಗೇ ದಡ್ಡತನದಿಂದ ಮಾಡುತ್ತದೆ, ಧಾರಾವಾಹಿಯ ಜಾಣತನದಿಂದಲ್ಲ. ಡೆಟ್ರಾಯಿಟ್‌ನ ಒಂದು ಅಂಗಡಿಯಲ್ಲಿ ಕೈಗಡಿಯಾರ ಕದ್ದವನ ಮಸುಕು ಚಿತ್ರವನ್ನು ಪೊಲೀಸರು ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟರು. ಅದು ಒಬ್ಬ ಕಪ್ಪು ವರ್ಣೀಯನ ಹಳೆಯ ಲೈಸೆನ್ಸ್ ಫೋಟೋ ತೋರಿಸಿತು. 2020ರ ಜನವರಿಯಲ್ಲಿ ಅವನನ್ನು ಮನೆಯಂಗಳದಲ್ಲೇ, ಹೆಂಡತಿ ಮಕ್ಕಳ ಕಣ್ಣೆದುರು ಕೈಕೋಳ ತೊಡಿಸಿ ಒಯ್ದರು. ಠಾಣೆಯಲ್ಲಿ ಕಳ್ಳನ ಚಿತ್ರ ತೋರಿಸಿದಾಗ ಅವನು ಅದನ್ನೆತ್ತಿ ತನ್ನ ಮುಖದ ಪಕ್ಕ ಹಿಡಿದ, ಇದು ನಾನಲ್ಲ ಎಂದ. ಎದುರಿಗಿದ್ದವರಿಗೂ ವ್ಯತ್ಯಾಸ ಕಂಡಿತು. ಕಂಪ್ಯೂಟರಿಗೆ ಕಾಣದ್ದು ಮನುಷ್ಯನಿಗೆ ಕಂಡಿತ್ತು, ಆದರೆ ಯಾರೂ ಅವನನ್ನು ಮೊದಲೇ ಮುಖತಃ ನೋಡುವ ಗೋಜಿಗೆ ಹೋಗಿರಲಿಲ್ಲ. 2024ರಲ್ಲಿ ಆ ನಗರ ಅವನಿಗೆ 3 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

2019ರಲ್ಲಿ 'ದ ಕ್ಯಾಪ್ಚರ್' ನೋಡಿದ ಅನೇಕರು, ನೇರಪ್ರಸಾರದ ದೃಶ್ಯವನ್ನೇ ತಿರುಚುವುದು ಅತಿಯಾಯಿತು ಎಂದರು. ಅಂದಿನ ಮಟ್ಟಿಗೆ ಆ ಟೀಕೆ ನ್ಯಾಯವಾದದ್ದೇ. ಡೀಪ್‌ಫೇಕ್ ಎಂಬ ಹೆಸರು ಚಾಲ್ತಿಗೆ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ, ಸಿಗುತ್ತಿದ್ದವೆಲ್ಲ ಕಣ್ಣು ಮಿಟುಕಿಸದ ಗೊಂಬೆಮುಖಗಳು. ಎರಡನೆಯ ಸರಣಿ ಬರುವ ಹೊತ್ತಿಗೆ ಚಾನನ್ ಇನ್ನೂ ಒಂದು ಮೆಟ್ಟಿಲು ಹತ್ತಿದ. ಭದ್ರತಾ ಸಚಿವ ಐಸಾಕ್ ಟರ್ನರ್ (ಪಾಪಾ ಎಸಿಡು) ಟಿವಿ ಸಂದರ್ಶನದಲ್ಲಿ ಒಂದು ಮಾತು ಹೇಳುತ್ತಾನೆ, ಮನೆಮನೆಯ ಪರದೆಯಲ್ಲಿ ಅವನದೇ ಮುಖ, ಅವನದೇ ದನಿ ಅದಕ್ಕೆ ತದ್ವಿರುದ್ಧ ಮಾತಾಡುತ್ತದೆ. ಆಗಲೂ ನಕ್ಕವರಿದ್ದರು. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಸುದ್ದಿ ನಗುವನ್ನು ನಿಲ್ಲಿಸಿತು. ಆರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಣಕಾಸು ಉದ್ಯೋಗಿಯೊಬ್ಬರು ಮೇಲಧಿಕಾರಿಗಳ ಜೊತೆ ವಿಡಿಯೊ ಸಭೆಯಲ್ಲಿ ಕೂತು, ಅವರು ಹೇಳಿದಂತೆ 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಸಭೆಯಲ್ಲಿದ್ದ ಮಿಕ್ಕ ಮುಖಗಳೆಲ್ಲ ನಕಲಿ. ನಮ್ಮಲ್ಲಿ ಈ ವಿಷಯ ಅಡುಗೆಮನೆಯ ಮಾತಾದದ್ದು ಅದಕ್ಕೂ ಮೊದಲು, 2023ರ ನವೆಂಬರಿನಲ್ಲಿ. ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿ ಹರಿಯಬಿಟ್ಟಾಗ. ಲಿಫ್ಟಿನ ಬಾಗಿಲು ತೆರೆದು ಒಳಬರುವ ಆ ಕೆಲವು ಸೆಕೆಂಡುಗಳನ್ನು ನೋಡಿದವರಲ್ಲಿ ಬಹಳ ಮಂದಿ ನಂಬಿಬಿಟ್ಟಿದ್ದರು.

ಹೊಗಳಿದ್ದು ಸಾಕು, ಕೊರತೆಗಳೂ ಇವೆ. ಮೊದಲ ಸರಣಿಯ ನಡುವಿನ ಎರಡು ಕಂತುಗಳಲ್ಲಿ ಶಾನ್ ಓಡುತ್ತಾನೆ, ಸಿಕ್ಕಿಬೀಳುತ್ತಾನೆ, ಮತ್ತೆ ಓಡುತ್ತಾನೆ. ಅದು ಯಾವ ಥ್ರಿಲ್ಲರಿನಲ್ಲೂ ಇರುವ ಓಟ. 'ಕರೆಕ್ಷನ್' ಗುಟ್ಟನ್ನು ಬಯಲಿಗೆಳೆಯಲು ಹೊರಟ ಇನ್ನೊಂದು ಗುಂಪು ತಾನೇ ಸುಳ್ಳು ದೃಶ್ಯ ತಯಾರಿಸಿ ಕೋರ್ಟಿನಲ್ಲಿ ಅದನ್ನು ಸುಳ್ಳೆಂದು ಸಾಬೀತುಮಾಡುವ ಯೋಜನೆ ಹಾಕಿದೆ ಎಂಬ ತಿರುವು ಕಾಗದದ ಮೇಲೆ ಚಂದ. ಆದರೆ ಆ ಗುಂಪಿನವರಾರೂ ನೆನಪಿನಲ್ಲಿ ಉಳಿಯುವಷ್ಟು ಬೆಳೆದಿಲ್ಲ. ಒಳ್ಳೆಯ ಉದ್ದೇಶಕ್ಕಾಗಿ ಒಬ್ಬ ಸೈನಿಕನ ಬದುಕನ್ನು ದಾಳವಾಗಿ ಉರುಳಿಸಿದ ಆ ಜನರಿಗೆ ಒಂದು ಕಂತನ್ನಾದರೂ ಕೊಡಬೇಕಿತ್ತು. ಯಾಕೆಂದರೆ ಅವರಿಗೂ ಗಾರ್ಲಂಡ್‌ಗೂ ಇರುವ ಅಂತರ ಬಹಳ ಸಣ್ಣದು. ಎರಡೂ ಕಡೆಯವರಿಗೆ ಸತ್ಯ ಮೊದಲೇ ಗೊತ್ತಿದೆ, ಅದನ್ನು ತೋರಿಸಲು ಸುಳ್ಳು ಬೇಕಾಗಿದೆ.

ಈ ಕೊರತೆಯನ್ನು ಹಾಲಿಡೇ ಗ್ರೇಂಜರ್ ಬಹುಮಟ್ಟಿಗೆ ತುಂಬುತ್ತಾಳೆ. ಭಯೋತ್ಪಾದನಾ ನಿಗ್ರಹ ದಳದಲ್ಲಿ ಹೆಸರು ಮಾಡಿ ಬೇಗ ಬೇಗ ಮೇಲೇರಿದ ಕ್ಯಾರಿ, ತನಗೆ ಆ ಹೆಸರು ತಂದುಕೊಟ್ಟ ಕೇಸಿನಲ್ಲೇ ತಯಾರಿಸಿದ ದೃಶ್ಯ ಇತ್ತೆಂದು ಕಂಡುಕೊಳ್ಳುತ್ತಾಳೆ. ಆ ಕ್ಷಣದಲ್ಲಿ ಅವಳಿಗೆ ಬರುವುದು ಕೋಪಕ್ಕಿಂತ ಲೆಕ್ಕಾಚಾರ. ಯಾವ ಬಡ್ತಿ ತನ್ನದು, ಯಾವುದಲ್ಲ? ಸರಣಿಯ ಕೊನೆಯಲ್ಲಿ ಅವಳು ಪತ್ರಿಕೆಗೆ ಹೋಗುವುದಿಲ್ಲ, ರಾಜೀನಾಮೆ ಕೊಡುವುದಿಲ್ಲ. ಗಾರ್ಲಂಡ್ ಬಳಿ ಹೋಗಿ ನಿಮ್ಮ ತಂಡಕ್ಕೆ ನನ್ನನ್ನೂ ಸೇರಿಸಿಕೊಳ್ಳಿ ಎನ್ನುತ್ತಾಳೆ. ಒಳಗಿನಿಂದ ಒಡೆಯಲೋ, ಒಳಗೇ ಉಳಿಯಲೋ, ಅವಳ ಮುಖದಲ್ಲಿ ಓದಲಾಗುವುದಿಲ್ಲ. ಎರಡನೆಯ ಸರಣಿ ಇದಕ್ಕೆ ಉತ್ತರ ಕೊಡುತ್ತದೆ, ಕೊಡದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ನನಗೆ ಅನಿಸಿದೆ.

ಹಾಗಾದರೆ ಇಂಥ ತಯಾರಿಸಿದ ದೃಶ್ಯ ಸಾಕ್ಷ್ಯವಾಗುವುದನ್ನು ತಡೆಯಲು ನಮ್ಮ ಕಾನೂನಿನಲ್ಲಿ ಏನಿದೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜೊತೆ ಹಳೆಯ ಸಾಕ್ಷ್ಯ ಕಾಯ್ದೆಗೆ 65ಬಿ ಸೆಕ್ಷನ್ ಸೇರಿತ್ತು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಹಾಜರುಪಡಿಸಿದರೆ ಅದರ ಜೊತೆ ಪ್ರಮಾಣಪತ್ರ ಬೇಕು ಎಂಬ ನಿಯಮ. ಪ್ರಮಾಣಪತ್ರವಿಲ್ಲದಿದ್ದರೂ ನಡೆಯುತ್ತದೆ ಎಂದು ಸಂಸತ್ ದಾಳಿ ಪ್ರಕರಣದ 2005ರ ತೀರ್ಪು ಹೇಳಿತ್ತು, 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಕಡ್ಡಾಯ ಎಂದಿತು, 2020ರಲ್ಲಿ ಮತ್ತೆ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇನ್ನೂ ಬಿಗಿ. ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದನ್ನು ದಾಖಲೆ ಒಪ್ಪಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲಿನಿಂದಲೇ ಲೆಕ್ಕಹಾಕಿ ತೆಗೆದ ಅಂಕಿ ಅಕ್ಷರಗಳ ಸರಮಾಲೆಯನ್ನೂ ನಮೂದಿಸಬೇಕು. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಅಂಕಿ ಅಕ್ಷರಗಳ ಸರಮಾಲೆ ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಜಪ್ತಿಯಾದ ಮೇಲೆ ಕೈಯಾಡಿಸಿದರೆ ಸಿಕ್ಕಿಬೀಳುತ್ತಾರೆ.

ಜಪ್ತಿಯಾದ ಮೇಲೆ ಎಂಬುದನ್ನು ಗಮನಿಸಬೇಕು. ಕ್ಯಾಮೆರಾದಿಂದ ಹಾರ್ಡ್ ಡಿಸ್ಕಿಗೆ ಹೋಗುವ ದಾರಿಯಲ್ಲೇ ದೃಶ್ಯ ಬದಲಾಗಿದ್ದರೆ ಡಿಸ್ಕಿನಲ್ಲಿ ಮೊದಲು ಮುದ್ರಿತವಾದದ್ದೇ ಸುಳ್ಳು, ಮೂಲ ಎಂಬುದು ಬೇರೆ ಇಲ್ಲ. ಹ್ಯಾಶ್ ಸರಿಯಾಗಿ ತಾಳೆಯಾಗುತ್ತದೆ. ಸಹಿ ಹಾಕಿದ ಅಧಿಕಾರಿಯೂ ತಜ್ಞರೂ ಪ್ರಾಮಾಣಿಕರೇ ಆಗಿರುತ್ತಾರೆ. ಶಾನ್ ಎಮರಿಯ ಕೇಸು ನಮ್ಮ ಯಾವುದೇ ಸೆಷನ್ಸ್ ಕೋರ್ಟಿಗೆ ಬಂದಿದ್ದರೂ ಕಾಗದಪತ್ರದಲ್ಲಿ ಒಂದು ಕುಂದೂ ಸಿಗುತ್ತಿರಲಿಲ್ಲ.

ಅಂಥ ಸಂದರ್ಭದಲ್ಲಿ ಆರೋಪಿಯ ಕೈಹಿಡಿಯಬಹುದಾದದ್ದು ಎರಡನೆಯ ಕ್ಯಾಮೆರಾ, ಅದೂ ಬೇರೆಯವರ ಕೈಯಲ್ಲಿರುವುದು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳು ಒಂದೇ ಕಮಾಂಡ್ ಸೆಂಟರಿಗೆ ಜೋಡಿಕೊಂಡಿವೆ. ಇವುಗಳ ಜೊತೆಗೆ, ಜನ ಸೇರುವ ಅಂಗಡಿ ಮುಂಗಟ್ಟುಗಳು ತಮ್ಮದೇ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು 2017ರ ರಾಜ್ಯ ಕಾನೂನು ಹೇಳುತ್ತದೆ. ಕಳ್ಳತನವಾದಾಗ ಪೊಲೀಸರು ಬೇಕರಿಯಿಂದ ಮೆಡಿಕಲ್ ಸ್ಟೋರಿಗೆ, ಅಲ್ಲಿಂದ ಚಿನ್ನದಂಗಡಿಗೆ ಅಲೆದು ದೃಶ್ಯ ಮುದ್ರಿಸಿಡುವ ಡಿವಿಆರ್ ಪೆಟ್ಟಿಗೆ ಕೇಳುವುದು ಇದರಿಂದಲೇ. ಒಂದರ ಗಡಿಯಾರ ಹತ್ತು ನಿಮಿಷ ಹಿಂದೆ, ಇನ್ನೊಂದರ ಲೆನ್ಸಿನ ಮೇಲೆ ಧೂಳು, ಮತ್ತೊಂದರ ಪಾಸ್‌ವರ್ಡ್ ಹುಡುಗನಿಗೆ ಮಾತ್ರ ಗೊತ್ತು, ಅವನು ಊರಿಗೆ ಹೋಗಿದ್ದಾನೆ. ತನಿಖಾಧಿಕಾರಿಗೆ ಇದು ತಲೆನೋವು. ಎಲ್ಲವನ್ನೂ ಒಂದೇ ತಂತಿಗೆ ಪೋಣಿಸಿ ಎಂದು ಅವರು ಕೇಳುವುದೂ ಸಹಜ. ಆದರೆ ಒಂದೇ ತಂತಿಯಲ್ಲಿ ಇಲ್ಲದಿರುವುದರಿಂದಲೇ ಅವೆಲ್ಲವನ್ನೂ ಒಟ್ಟಿಗೆ ತಿರುಚುವುದು ಯಾರಿಂದಲೂ ಆಗದು. ಆರೋಪಿಯ ವಕೀಲರು ಮೊದಲು ಮಾಡಬೇಕಾದ ಅರ್ಜಿ ಆ ಧೂಳು ಹಿಡಿದ ಡಿವಿಆರ್‌ಗಳಿಗಾಗಿ, 30 ದಿನ ಮುಗಿದು ಅಳಿಸಿಹೋಗುವ ಮುಂಚೆ.